ಅಂದು ಹಾಕಬಾರದಿದ್ದ ಸಹಿ

ಶಾಲೆಯ ಗ್ರಂಥಾಲಯದ ಬಾಗಿಲು ತೆರೆದ ಕೊರಿನ್ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಅವನು... ಡ್ವೈಟ್!

ಮೂರು ವರ್ಷದಿಂದ ಯಾರನ್ನು ಮರೆಯಲು ಹೆಣಗಿದ್ದಳೋ ಅವನೇ, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಉದ್ದ ಕಾಲುಗಳನ್ನು ಮಡಚಿಕೊಂಡು ಕುಳಿತಿದ್ದ. ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು ಬಂದಿದ್ದವು. ಅವಳನ್ನು ನೋಡಿದವನೇ ಕಣ್ಣು ಕೆಳಗೆ ಹಾಕಿದ.

"ಬನ್ನಿ, ಮಿಸ್ ಪೆಲ್ಟಿಯರ್," ಎಂದಳು ಅವನ ಪಕ್ಕದಲ್ಲಿದ್ದ ರೊಬರ್ಟಾ, ಟೆಸ್ಸಾಳ ತಾಯಿ. ಏಡಿ ಮಾಂಸ ಬಿಡಿಸುವ ಕಾರ್ಖಾನೆಯಿಂದ ನೇರವಾಗಿ ಬಂದಿದ್ದಳು. ರಬ್ಬರ್ ಬೂಟು ಕೂಡ ಬಿಚ್ಚಿರಲಿಲ್ಲ. "ಮಗೂನ ಬಲ್ಲವರನ್ನ ಯಾರನ್ನಾದ್ರೂ ಸಭೆಗೆ ಕರ್ಕೊಂಡ್ ಬರೋ ಹಕ್ಕು ತಾಯಿಗಿದೆಯಂತೆ. ಕಾನೂನಿನ ಪುಸ್ತಕ ಓದ್ದೆ, ಈ ಸಲ. ಅದಕ್ಕೇ ಇವರನ್ನ ಬ್ಯಾಂಗರ್‌ನಿಂದ ಕರೆಸ್ದೆ."

ಕೊರಿನ್ ಎದುರಿನ ಕುರ್ಚಿಯಲ್ಲಿ ಕುಸಿದಳು. ಮೇಜಿನ ನಡುವೆ ಟಿಶ್ಯೂ ಡಬ್ಬಿ ಇತ್ತು. ಅಮೆರಿಕದ ಮೇನ್ ರಾಜ್ಯದ ಕರಾವಳಿಯ ನಮ್ಮ ಶಾಲೆಗಳಲ್ಲಿ, ವಿಶೇಷ ಮಗುವನ್ನು ಎಲ್ಲಿ ಓದಿಸಬೇಕೆಂದು ತೀರ್ಮಾನಿಸುವ ಇಂಥ ಸಭೆಗೆ ಪೆನ್ನು ಮರೆತರೂ ಟಿಶ್ಯೂ ಮರೆಯುವುದಿಲ್ಲ. ಅಳುವುದು ತಾಯಂದಿರ ಪಾಲಿನ ಕೆಲಸ ಎಂದು ಮೊದಲೇ ತೀರ್ಮಾನವಾಗಿರುತ್ತದೆ!

ಇವತ್ತು ಅಳುವ ಸರದಿ ಯಾರದೋ...

ಮೂರು ವರ್ಷದ ಹಿಂದೆ ಅವನೂ ಅವಳೂ ಒಂದೇ ಕೋಣೆಯಲ್ಲಿ ಪಾಠ ಮಾಡುತ್ತಿದ್ದರು. ಡ್ವೈಟ್ ನಾಲ್ಕನೇ ತರಗತಿಯ ಮೇಷ್ಟ್ರು. ಕೊರಿನ್ ವಿಶೇಷ ಮಕ್ಕಳ ಟೀಚರ್. ಒಂಬತ್ತು ವರ್ಷದ ಟೆಸ್ಸಾಗೆ ಆಟಿಸಂ. ಬೆಲ್ ಹೊಡೆದರೆ ಸಾಕು, ಚೀರುತ್ತಾ ಮೇಜಿನ ಕೆಳಗೆ ತೂರಿಕೊಳ್ಳುತ್ತಿದ್ದಳು.

ಕೊರಿನ್ ಅವಳ ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಿಸಿದಳು. ಬೆಲ್ ಹೊಡೆಯುವ ಎರಡು ನಿಮಿಷ ಮೊದಲೇ ಹೊರಗೆ ಕರೆದೊಯ್ದಳು. ಡ್ವೈಟ್ ಅಂತೂ ಪಾಠವನ್ನೇ ಬದಲಿಸಿದ. ಉತ್ತರ ಬರೆಯಲಾಗದವರು ಚಿತ್ರ ಬಿಡಿಸಿ, ಇಲ್ಲವೇ ಮಾಡಿ ತೋರಿಸಿ ಎಂದ. ಟೆಸ್ಸಾ ಸಮುದ್ರದ ಉಬ್ಬರ ಇಳಿತವನ್ನು ಹದಿನಾಲ್ಕು ಚಿತ್ರಗಳಲ್ಲಿ ಬಿಡಿಸಿದಳು! ಅಲ್ಲಿಯವರೆಗೆ ಬಾಯಿ ಬಿಡದ ಇನ್ನೂ ನಾಲ್ಕು ಮಕ್ಕಳು ಕೈ ಎತ್ತತೊಡಗಿದರು.

ಪಾಠದ ತಯಾರಿ ಎಂಬ ನೆಪದಲ್ಲಿ ಇಬ್ಬರೂ ಸಂಜೆ ಆರರವರೆಗೆ ಶಾಲೆಯಲ್ಲೇ ಉಳಿಯುತ್ತಿದ್ದರು. ಅಷ್ಟೊಂದು ತಯಾರಿ ಬೇಕಿತ್ತೇ? ಕಸ ಗುಡಿಸುವ ಮುದುಕನಿಗೂ ಗೊತ್ತಿತ್ತು, ಬೇಕಿರಲಿಲ್ಲ!

ಆದರೆ ಸಂಗೀತದ ಕೋಣೆಯಲ್ಲಿ, ಊಟದ ಹಾಲ್‌ನಲ್ಲಿ ಟೆಸ್ಸಾಗೆ ಯಾರೂ ಹೆಡ್‌ಫೋನ್ ಕೊಡಲಿಲ್ಲ. ಅಲ್ಲಿ ಅವಳು ಚೀರಿದಳು. ಪ್ರಿನ್ಸಿಪಾಲ್ ಗಾರ್ಲಂಡ್ ವರದಿ ಸಿದ್ಧಪಡಿಸಿದಳು: ಎಲ್ಲ ತರಗತಿಗಳಲ್ಲೂ ಎಲ್ಲ ನೆರವೂ ಕೊಟ್ಟಾಯಿತು, ಪ್ರಯೋಜನವಾಗಲಿಲ್ಲ, ಒಂದು ಗಂಟೆ ದೂರದ ವಿಶೇಷ ಶಾಲೆಗೆ ಕಳಿಸಬೇಕು.

ಬೇಕಾದ ನೆರವೆಲ್ಲ ಕೊಟ್ಟ ಮೇಲೂ ಆಗದಿದ್ದರೆ ಮಾತ್ರ ಮಗುವನ್ನು ಉಳಿದ ಮಕ್ಕಳಿಂದ ಬೇರೆ ಮಾಡಬಹುದು ಎನ್ನುತ್ತದೆ ಕಾನೂನು. ವರದಿ ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು.

"ನಾವಿಬ್ರೂ ಒಪ್ಪಲ್ಲ ಅಂತ ಬರೆದು ಫೈಲಿಗೆ ಹಾಕೋಣ," ಎಂದಿದ್ದ ಡ್ವೈಟ್.

"ಖಂಡಿತ!" ಎಂದಿದ್ದಳು ಕೊರಿನ್.

ಸಭೆಗೆ ಹತ್ತು ನಿಮಿಷವಿರುವಾಗ ಗಾರ್ಲಂಡ್ ಅವಳನ್ನು ಕಾರಿಡಾರಿನಲ್ಲಿ ತಡೆದಳು. "ಕೊರಿನ್, ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ ಅಲ್ವಾ?"

ಅಷ್ಟೇ ಕೇಳಿದ್ದು. ಅಷ್ಟೇ ಸಾಕಾಯಿತು.

ಡ್ವೈಟ್ ಎರಡು ಪುಟ ಬರೆದುಕೊಟ್ಟ. ಕೊರಿನ್ 'ಒಪ್ಪಿದ್ದೇನೆ' ಎಂಬಲ್ಲಿ ಸಹಿ ಹಾಕಿದಳು. ರೊಬರ್ಟಾ ಒಮ್ಮೆ ಆ ಪುಟಗಳನ್ನು, ಒಮ್ಮೆ ಕೊರಿನ್‌ಳನ್ನು ನೋಡಿದಳು. "ಮಿಸ್ ಪೆಲ್ಟಿಯರ್ ಹಾಕಿದ್ರೆ ಆಯ್ತು ಬಿಡಿ. ನನ್ ಮಗಳನ್ನ ಅವರಿಗಿಂತ ಬಲ್ಲವರು ಯಾರಿದಾರೆ?" ಎಂದು ತಾನೂ ಸಹಿ ಹಾಕಿದಳು.

ಹೊರಗೆ ಬಂದ ಮೇಲೆ ಡ್ವೈಟ್ ಕೇಳಿದ್ದು ಒಂದೇ ಮಾತು. "ಅವಳು ಕಲೀತಾಳೆ ಅಂತ ನೀನು ಒಂದಿನಾನೂ ನಂಬಿರ್ಲಿಲ್ಲ, ಅಲ್ವಾ?"

'ನಂಬಿದ್ದೆ ಕಣೋ... ಹೆದರಿಬಿಟ್ಟೆ!' ಎಂದು ಹೇಳಬಹುದಿತ್ತು. ನಾಚಿಕೆಯಿಂದ ಬಾಯಿ ಬರಲಿಲ್ಲ. ಜೂನ್‌ನಲ್ಲಿ ಅವನು ಕೆಲಸ ಬಿಟ್ಟು ಬ್ಯಾಂಗರ್‌ಗೆ ಹೋದ.

ಅಂದಿನಿಂದ ದಿನಾ ಬೆಳಿಗ್ಗೆ ಆರೂ ಹತ್ತಕ್ಕೆ ವಿಶೇಷ ಶಾಲೆಯ ಸಣ್ಣ ಹಳದಿ ಬಸ್ಸು ಕೊರಿನ್‌ಳ ಮನೆ ಮುಂದೆ ಹಾದುಹೋಗುತ್ತದೆ. ಕಿಟಕಿಯಲ್ಲಿ ಟೆಸ್ಸಾ. ಕೊರಿನ್ ಪರದೆಯ ಹಿಂದೆ ನಿಂತು ನೋಡುತ್ತಾಳೆ. ಕೈ ಬೀಸುವ ಧೈರ್ಯ ಒಂದು ದಿನವೂ ಬಂದಿಲ್ಲ.

ಮೂರು ವರ್ಷಕ್ಕೊಮ್ಮೆ ಮಗುವನ್ನು ಮತ್ತೆ ಪರೀಕ್ಷಿಸಿ ಸಭೆ ಸೇರಲೇಬೇಕು. ಅದೇ ಇವತ್ತಿನ ಸಭೆ.

"ಟೆಸ್ಸಾ ಅಲ್ಲಿ ಚೆನ್ನಾಗಿದ್ದಾಳೆ. ಅಲ್ಲೇ ಮುಂದುವರಿಸೋಣ," ಮೇಜಿನ ತುದಿಯಲ್ಲಿ ಕುಳಿತಿದ್ದ ಗಾರ್ಲಂಡ್ ಹಾಳೆಯನ್ನು ಮುಂದೆ ತಳ್ಳಿದಳು.

"ಚೆನ್ನಾಗಿದ್ದಾಳಾ?" ರೊಬರ್ಟಾ ಹಾಳೆಯನ್ನು ಹಿಂದಕ್ಕೆ ತಳ್ಳಿದಳು. "ಮೂರು ವರ್ಷದಲ್ಲಿ ಅವಳ ಹುಟ್ಟುಹಬ್ಬಕ್ಕೆ ಒಂದ್ ಮಗೂನೂ ಬಂದಿಲ್ಲ. ಕೇಕನ್ನ ನಾನೂ ಅವಳೂ ಇಬ್ರೇ ತಿನ್ನೋದು. ಚಿತ್ರ ಬಿಡಿಸೋದನ್ನೇ ಬಿಟ್ಟಿದಾಳೆ, ಗೊತ್ತಾ ನಿಮ್ಗೆ?"

ಚಿತ್ರ ಬಿಡಿಸುವುದಿಲ್ಲ... ಕೊರಿನ್ ಸಹಿ ಹಾಕಬೇಕಾದ ಗೆರೆಯನ್ನೇ ನೋಡಿದಳು.

'ನಾನು ಮಾಡಿದ್ದು ಇದು. ನನ್ನ ಒಂದು ಸಹಿ!'

"ನಾನು ಒಪ್ಪಲ್ಲ," ಎಂದಳು.

ಗಾರ್ಲಂಡ್ ಕನ್ನಡಕ ಸರಿಪಡಿಸಿಕೊಂಡಳು. "ಏನಂದೆ?"

"ಒಪ್ಪಲ್ಲ. ಅವತ್ತೂ ಒಪ್ಪಿರ್ಲಿಲ್ಲ. ನಮ್ಮ ಕೋಣೇಲಿ ಬಿಟ್ರೆ ಬೇರೆಲ್ಲೂ ಅವಳಿಗೆ ಯಾವ ನೆರವೂ ಸಿಗ್ಲಿಲ್ಲ. ವರದಿ ಸುಳ್ಳು ಅಂತ ಗೊತ್ತಿದ್ದೂ, ಕೆಲಸ ಹೋಗುತ್ತೆ ಅಂತ ಹೆದರಿ ಸಹಿ ಹಾಕ್ದೆ. ಇದನ್ನೆಲ್ಲ ಬರೆದುಕೊಡ್ತೀನಿ, ಫೈಲಿಗೆ ಸೇರಿಸಿ."

"ಇದರ ಪರಿಣಾಮ ಗೊತ್ತಿದೆ ತಾನೇ ನಿಂಗೆ?"

"ಟೆಸ್ಸಾ ಆಗ್ಲೇ ಅನುಭವಿಸಿ ಆಯ್ತಲ್ಲ. ಈಗ ನನ್ ಸರದಿ, ಅಷ್ಟೇ."

ರೊಬರ್ಟಾ ಕೊರಿನ್‌ಳನ್ನೇ ದಿಟ್ಟಿಸಿದಳು. "ನಾನು ನಿಮ್ಮ ಮುಖ ನೋಡಿ ಸಹಿ ಹಾಕಿದ್ದು."

"ಗೊತ್ತು..."

"ಕ್ಷಮಿಸ್ತೀನಿ ಅಂತ ಈಗ್ಲೇ ಹೇಳೋಕಾಗಲ್ಲ ನಂಗೆ."

"ಬೇಡ. ಹೇಳ್ಬೇಡಿ." ಕೊರಿನ್ ಟಿಶ್ಯೂಗೆ ಕೈ ಚಾಚಿದಳು. ಅಳುವ ಸರದಿ ಅವಳದೇ ಆಗಿತ್ತು.

ಇಂಥ ಹೇಳಿಕೆ ಫೈಲಿಗೆ ಹೋದರೆ ವಿಚಾರಣೆ ತಪ್ಪಿದ್ದಲ್ಲ ಎಂದು ಗಾರ್ಲಂಡ್‌ಗೆ ಚೆನ್ನಾಗಿ ಗೊತ್ತಿತ್ತು. ಐದು ಗಂಟೆಯ ಹೊತ್ತಿಗೆ ಹೊಸ ಹಾಳೆ ಸಿದ್ಧವಾಯಿತು: ಏಪ್ರಿಲ್ ರಜೆಯ ನಂತರ ಟೆಸ್ಸಾ ಇದೇ ಶಾಲೆಗೆ, ಏಳನೇ ತರಗತಿಗೆ. ನೆರವು ಎಲ್ಲ ಕೋಣೆಗಳಲ್ಲೂ.

ಶಾಲೆಯ ಮೆಟ್ಟಿಲ ಮೇಲೆ ಕೊರಿನ್ ಒಬ್ಬಳೇ ಕುಳಿತಿದ್ದಳು. ಪಕ್ಕದಲ್ಲಿ ಯಾರೋ ಬಂದು ಕುಳಿತ ಸದ್ದು.

"ಅವತ್ತು ಯಾಕೆ ಹೇಳ್ಲಿಲ್ಲ, ಹೆದರಿದೀನಿ ಅಂತ?"

"ನೀನು ಹೆದರೋನಲ್ಲ, ಡ್ವೈಟ್. ನಿನ್ನ ಮುಂದೆ ಹೇಗೆ ಹೇಳ್ಲಿ?"

ಅವನು ನಿಟ್ಟುಸಿರುಬಿಟ್ಟ. "ನಾನೇನ್ ದೊಡ್ಡ ಧೈರ್ಯವಂತ? ಎರಡು ಪುಟ ಬರೆದೆ, ಸಿಟ್ಟು ಮಾಡ್ಕೊಂಡು ಊರು ಬಿಟ್ಟೆ. ಅವಳ ಪರವಾಗಿ ಇನ್ನೊಂದ್ ಸಲಾನೂ ಬಂದು ಕೇಳ್ಲಿಲ್ಲ. ನೀನು ಸಹಿ ಹಾಕಿ ಕೈಬಿಟ್ಟೆ, ನಾನು ಓಡಿಹೋಗಿ ಕೈಬಿಟ್ಟೆ. ಅಷ್ಟೇ ವ್ಯತ್ಯಾಸ."

"ನನ್ನ ದ್ವೇಷಿಸ್ತಿದ್ಯಾ?"

"ತುಂಬಾ ಪ್ರಯತ್ನಪಟ್ಟೆ ಕಣೇ... ಆಗ್ಲಿಲ್ಲ."

ಕೊರಿನ್ ಅವನ ತೋಳಿಗೆ ಹಣೆ ಹಚ್ಚಿ ಬಿಕ್ಕಿದಳು. "ಪ್ರೀತಿಸ್ತೀನಿ ಡ್ವೈಟ್. ಅವತ್ತೂ... ಇವತ್ತೂ. ಆದ್ರೆ ಟೆಸ್ಸಾ ಕಳ್ಕೊಂಡ ಮೂರು ವರ್ಷ? ಅದನ್ನ ಯಾರು ವಾಪಸ್ ಕೊಡ್ತಾರೆ?"

"ಯಾರೂ ಕೊಡಕ್ಕಾಗಲ್ಲ." ಅವನು ಅವಳ ಕೈ ಹಿಡಿದುಕೊಂಡ. "ಶನಿವಾರ ಇಬ್ರೂ ಅವಳ ಮನೆಗೆ ಹೋಗೋಣ. ತಪ್ಪಾಯ್ತು ಅಂತ ಅವಳಿಗೇ ಹೇಳೋಣ."

"ಮುಖ ತಿರುಗಿಸ್ಕೊಂಡ್ರೆ?"

"ಮುಂದಿನ ಶನಿವಾರ ಮತ್ತೆ ಹೋಗೋಣ."

"ಆಗ್ಲೂ ಮಾತಾಡದಿದ್ರೆ?"

"ಅದರ ಮುಂದಿನ ಶನಿವಾರ. ಅದರ ಮುಂದಿಂದು... ಯಾಕೆ, ಶನಿವಾರಗಳಲ್ಲಿ ನಿಂಗೆ ಬೇರೆ ಕೆಲಸ ಇದ್ಯಾ?"

ಅಳುವಿನ ನಡುವೆಯೇ ಕೊರಿನ್‌ಗೆ ನಗು ಬಂತು.

"ಇಲ್ಲ... ಈ ಜನ್ಮದಲ್ಲಿ ಇಲ್ಲ."