ಎಲ್ಲ ಬ್ಯಾಕಪ್ ಸರಿಯಾಗಿದೆ

ವಾರವಿಡೀ ನಾವಿಬ್ಬರೂ ಫೋನಿನಲ್ಲಿ ಹರಕು ತೆಲುಗಿನಲ್ಲೇ ಜಗಳವಾಡಿದೆವು. ನಾನು ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಗುಡ್ಡದ ಮೇಲಿನ ಔಷಧ ಕಂಪನಿಯಲ್ಲಿ ಸಿಸ್ಟಮ್ ಅಡ್ಮಿನ್. ಅವನು ವಿಜಯವಾಡದ ಆಟೋನಗರ್‌ನಲ್ಲಿ, ನಮ್ಮದೇ ಗೋದಾಮಿನ ಕಂಪ್ಯೂಟರ್ ನೋಡಿಕೊಳ್ಳುವವನು. ಅಲ್ಲಿನ ಸರ್ವರ್ ಬ್ಯಾಕಪ್ ಮತ್ತೆ ಅರ್ಧಕ್ಕೆ ನಿಂತಾಗ ನಾನು ರೇಗಿದೆ. ಆ ಕಡೆ ಅವನು ರಿಸೀವರಿಗೆ ಕೈ ಅಡ್ಡ ಹಿಡಿದು ಗೊಣಗಿದ್ದು ಕೇಳಿಸಿತು.

"ಯವ್ವಾ, ಈಕಿ ಬಾಯಿಗೆ ಬೀಗ ಹಾಕೋರು ಯಾರೂ ಇಲ್ಲೇನು!"

"ಇಲ್ಲ. ನೀವು ಹಾಕ್ತೀರಾ?" ಎಂದೆ, ಕನ್ನಡದಲ್ಲೇ.

ಆಮೇಲೆ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅವನು ಗದಗಿನ ರಮಾಕಾಂತ, ನಾನು ತುಮಕೂರಿನ ಜಾಹ್ನವಿ. ನಾಲ್ಕು ಜನರ ಹಾಸ್ಟೆಲ್ ರೂಮಿನಲ್ಲಿ ಕನ್ನಡಕ್ಕೆ ಹಂಬಲಿಸಿ ಒಣಗಿಹೋಗಿದ್ದೆ. ಅವತ್ತು ಊಟ ರುಚಿಸಿತು.

ಅಷ್ಟರಲ್ಲಿ ಮ್ಯಾನೇಜರ್ ದುರ್ಗಾಪ್ರಸಾದ್ ಗಾರು ಒಂದು ಕೆಲಸ ಹಚ್ಚಿದರು. ಕಡಿಮೆ ಖರ್ಚಿನ ಬ್ಯಾಕಪ್ ಸಾಫ್ಟ್‌ವೇರ್ ಬೇಕು. ಇಡೀ ಡಿಸ್ಕಿನ ಪಡಿಯಚ್ಚು, ಅಂದರೆ ಇಮೇಜ್, ತೆಗೆಯಬೇಕು, ಯಾವ ಮೆಷಿನ್ ಕೆಟ್ಟರೂ ಅದನ್ನು ಬೇರೆ ಮೆಷಿನ್ ಮೇಲೆ ಹಾಕಿ ಕೆಲಸ ಮುಂದುವರಿಸಬೇಕು. ಕೊನೆಗೆ ಎರಡು ಉಳಿದವು. ಮೊದಲನೆಯದಕ್ಕೆ ಪ್ರತಿ ಕಂಪ್ಯೂಟರಿನ ಮುಂದೆ ಒಬ್ಬರು ಕೂರಲೇಬೇಕು. ಎರಡನೆಯದನ್ನು ವಿಶಾಖಪಟ್ಟಣದಿಂದ ನಾನೊಬ್ಬಳೇ ನಡೆಸಬಹುದು.

ಎರಡನೆಯದು ಬಂದರೆ ವಿಜಯವಾಡದಲ್ಲಿ ಕಾಂಟ್ರಾಕ್ಟಿನ ಮೇಲಿದ್ದ ರಮಾಕಾಂತನಿಗೆ ಕೆಲಸವಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನಾನು ಮೊದಲನೆಯದೇ ಪಾಸಾಗಲಿ ಎಂದು ವಿಜಯವಾಡದ ಕನಕದುರ್ಗಮ್ಮನಿಗೆ ಹರಕೆ ಹೊತ್ತೆ. ಸಾಫ್ಟ್‌ವೇರಿಗೆ ಹರಕೆ ಹೊತ್ತವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು!

ಎರಡನ್ನೂ ಗೋದಾಮಿನಲ್ಲಿ ಪರೀಕ್ಷಿಸಲು, ಅವುಗಳ ಇಮೇಜ್ ತುಂಬಿದ ಹಾರ್ಡ್‌ಡಿಸ್ಕ್ ಹಿಡಿದು ನಾನೇ ರೈಲು ಹತ್ತಿದೆ. ವಿಜಯವಾಡ ಸ್ಟೇಷನ್ನಿನಲ್ಲಿ ಒಬ್ಬ ಎತ್ತರದ ಹುಡುಗ ಬಂದವರ ಮುಖವನ್ನೆಲ್ಲ ಹುಡುಕುತ್ತಿದ್ದ. ಕಣ್ಣು ನನ್ನ ಮೇಲೆ ಬಿದ್ದು, ಮುಂದೆ ಹೋಗಿ, ಮತ್ತೆ ತಿರುಗಿ ಬಂತು.

"ನೀವs ಏನ್ರೀ? ಫೋನ್‌ನ್ಯಾಗ ಭಾಳ ದೊಡ್ಡೋರು ಅನಿಸಿತ್ತು."

"ಬಯ್ಯೋದಕ್ಕೆ ಎತ್ತರ ಬೇಕಾ?"

ಅವನ ಕಿವಿ ಕೆಂಪಾಯಿತು. ನನಗೆ ಬೇರೆ ಕಡೆ ನೋಡಬೇಕೆನಿಸಲಿಲ್ಲ.

ಗೋದಾಮಿನ ಹೊಸ ಕಂಪ್ಯೂಟರಿಗೆ ಮೊದಲನೆಯ ಸಾಫ್ಟ್‌ವೇರಿನ ಇಮೇಜ್ ಹಾಕಿ, ಮುಗಿಯುವವರೆಗೆ ಅವನನ್ನು ಕೂರಿಸಿ ನಾನು ಹರಕೆ ತೀರಿಸಲು ಅಮ್ಮನ ಬೆಟ್ಟ ಇಂದ್ರಕೀಲಾದ್ರಿ ಹತ್ತಿದೆ. ಫಲಿತಾಂಶಕ್ಕೆ ಮುಂಚೆಯೇ! ಮರಳಿ ಬಂದಾಗ ರಮಾಕಾಂತ ಬಾಗಿಲಲ್ಲೇ ನಿಂತಿದ್ದ.

"ಮೊದಲನೇದ್ದು ಏಳಲಿಲ್ರೀ. ಹಳೇ ಮೆಷಿನ್ನಿಗೆ ಹೊಂದತೈತಿ, ಹೊಸದಕ್ಕ ಒಲ್ಲೆ ಅಂತೈತಿ. ಎರಡನೇದ್ದೂ ಹಾಕಿ ನೋಡೇನಿ, ಒಂದs ಸಲಕ್ಕ ಎದ್ದು ಕುಂತೈತಿ."

"ನಾನಿಲ್ಲಿರಲಿಲ್ಲ. ಪಾಸಾಯ್ತು ಅಂದಿದ್ರೆ ನಂಬ್ತಿದ್ದೆ."

"ಹೌದು. ನಾಳೆ ಸರ್ವರ್ ಹೋದ್ರ ನಿಮ್ಮ ಹೆಸರು ಕೆಡ್ತಿತ್ತಲ್ರೀ."

ಬಯ್ಯಲು ಬಾಯಿ ತೆರೆದರೆ ಅಳು ಬಂತು. ಅವನು ನೀರಿನ ಬಾಟಲಿ ಮುಂದಿಟ್ಟ.

ನಾನು ಎರಡನೆಯದೇ ಆಗಲಿ ಎಂದು ಬರೆದುಕೊಟ್ಟೆ. ತಿಂಗಳ ಕೊನೆಗೆ ರಮಾಕಾಂತ ಗದಗಿಗೆ ಹೊರಟುಹೋದ. ಆಟೋನಗರ್‌ನ ನಂಬರಿಗೆ ಫೋನ್ ಮಾಡುವ ಅಗತ್ಯವೇ ಉಳಿಯಲಿಲ್ಲ. ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ವಿಜಯವಾಡದ ಬ್ಯಾಕಪ್ ಸಾಲುಗಳೆಲ್ಲ ಹಸಿರು, ಒಂದೂ ಕೆಟ್ಟಿಲ್ಲ. "ಚಾಲಾ ಬಾವುಂದಮ್ಮಾ!" ಎಂದು ದುರ್ಗಾಪ್ರಸಾದ್ ಗಾರು ಮೆಚ್ಚಿಕೊಂಡರು. ನನಗೆ ಮಾತ್ರ ಒಂದಾದರೂ ಕೆಡಬಾರದೇ ಎನ್ನಿಸುತ್ತಿತ್ತು. ಎಷ್ಟು ಒಂಟಿಯಾಗಿದ್ದೆ ಎಂದರೆ, ಬಸ್ಸಿನಲ್ಲಿ ಯಾರೋ ಕನ್ನಡ ಮಾತಾಡಿದಂತಾಗಿ ತಿರುಗಿ ನೋಡಿ, ಯಾರೂ ಇಲ್ಲದೆ ಪೆಚ್ಚಾಗುತ್ತಿದ್ದೆ.

ಒಂದು ಸಂಜೆ ಬೀಚಿನ ಬಳಿಯ ಬೂತಿನಿಂದ, ಅವನು ಕೊಟ್ಟುಹೋದ ಗದಗಿನ ನಂಬರಿಗೆ ಫೋನ್ ಮಾಡಿದೆ.

"ಏನಾತ್ರೀ?" ಅವನ ದನಿಯಲ್ಲಿ ಗಾಬರಿ. "ಬ್ಯಾಕಪ್ ಫೇಲಾತೇನು?"

"ಇಲ್ಲ. ಎಲ್ಲಾ ಸರಿಯಾಗಿದೆ. ಅದಕ್ಕೇ ಮಾಡಿದೆ."

ನನಗೆ ತಡೆಯಲಾಗಲಿಲ್ಲ.

"ರಮಾಕಾಂತ್, ನೀವಿಲ್ಲದೆ ನನಗೆ ಇಲ್ಲಿ ಆಗ್ತಿಲ್ಲ."

ಅವನು ಮೆಲ್ಲಗೆ ಅಂದ: "ನನಗ ಇನ್ನೂ ಕೆಲಸ ಸಿಕ್ಕಿಲ್ರೀ, ಜಾಹ್ನವಿ."

"ನಾನು ಕೆಲಸ ಕೇಳಿದ್ನಾ?"