ಉದ್ದ ತೋಳಿನ ಅಂಗಿಯವನು

ಸಂದರ್ಶನಕ್ಕೆ ಬಂದವಳು ಗೋಡೆಯ ಮೇಲಿನ ಬೋರ್ಡನ್ನು ಬೆರಳಿನಿಂದ ಅಳೆಯುತ್ತಾ ನಿಂತಿದ್ದಳು. ಸಂಸ್ಥೆಯ ಹೆಸರಿನ ಎರಡು ಅಕ್ಷರಗಳ ನಡುವೆ ಬೆಕ್ಕು ನುಸುಳುವಷ್ಟು ಜಾಗ ಬಿಟ್ಟಿದ್ದರು. ಅಂಥದ್ದನ್ನು ಕಂಡರೆ ಅವಳಿಗೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ, ಸುಮ್ಮನಿರಲು ಆಗುತ್ತಿರಲಿಲ್ಲ.

"ಯಾರ್ರೀ ಇದನ್ನ ಮಾಡಿದ್ದು?" ಎಂದು ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತವನನ್ನು ಕೇಳಿದಳು. ಅಷ್ಟು ಸೆಕೆಯಲ್ಲೂ ಉದ್ದ ತೋಳಿನ ಅಂಗಿ ತೊಟ್ಟು ಮಣಿಕಟ್ಟಿನ ಗುಂಡಿ ಹಾಕಿಕೊಂಡಿದ್ದ. ಆಫೀಸಿನವನೇ ಇರಬೇಕು ಎಂದುಕೊಂಡಳು.

"ಯಾಕೆ, ಚೆನ್ನಾಗಿಲ್ವಾ?"

"ಈ ಗ್ಯಾಪ್ ನೋಡಿ. ದುಡ್ಡು ಕೊಟ್ಟು ಮಾಡಿಸಿದ್ರೆ ವಾಪಸ್ ಇಸ್ಕೊಳ್ಳಿ. ಪುಣ್ಯಕ್ಕೆ ಮಾಡಿಕೊಟ್ಟಿದ್ರೆ, ಅವರಿಗೆ ಆ ಪುಣ್ಯ ಸಿಕ್ಕಿರಲ್ಲ."

ಅವನಿಗೆ ನೀರು ನೆತ್ತಿಗೇರಿತು. ಕೆಮ್ಮಿ, ನಕ್ಕು, ಸುಧಾರಿಸಿಕೊಂಡು ಹೇಳಿದ: "ನಂಗೊತ್ತಿಲ್ಲ ಕಣ್ರೀ. ನಾನೂ ಇಂಟರ್‌ವ್ಯೂಗೇ ಬಂದಿರೋದು. ಅದೇ ಡಿಸೈನರ್ ಪೋಸ್ಟಿಗೆ."

ಅವಳ ಕಿವಿಯ ತುದಿ ಕೆಂಪಾಯಿತು. ಅದನ್ನು ಅವನು ಬಿಡುವಾಗಿ, ಚೂರೂ ನಾಚಿಕೆಯಿಲ್ಲದೆ ನೋಡಿದ.

"ನೀರು ತರ್ಲಾ, ಗ್ಯಾಪಮ್ಮಾ?"

ಅಲ್ಲಿಂದಾಚೆ ಅವನ ಬಾಯಲ್ಲಿ ಅವಳಿಗೆ ಅದೇ ಹೆಸರಾಯಿತು.

ಬೆಂಕಿಯಲ್ಲಿ ಸುಟ್ಟುಕೊಂಡು ಬದುಕಿ ಉಳಿದವರಿಗೆ ಚಿಕಿತ್ಸೆ ಕೊಡಿಸಿ, ಮತ್ತೆ ದುಡಿಮೆಗೆ ಹಚ್ಚುವ ಸಂಸ್ಥೆ ಅದು. ಅದರ ನಿರ್ದೇಶಕಿಯದು ಮೆಲುದನಿ. ಎದುರಿಗೆ ಕೂತವರಿಗೆ ಇಲ್ಲ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಬಂದವರಲ್ಲಿ ಇವರಿಬ್ಬರನ್ನು ಉಳಿಸಿಕೊಂಡು, "ಈ ವಾರ ಇಲ್ಲೇ ಕೂತು ಒಂದೊಂದು ಪೋಸ್ಟರ್ ಮಾಡಿ. ಶನಿವಾರ ಒಬ್ಬರನ್ನ ತಗೋತೀವಿ" ಎಂದರು. ಜೊತೆಗೆ ಒಂದು ಕಟ್ಟುನಿಟ್ಟು: "ನಮ್ಮ ಪೋಸ್ಟರಲ್ಲಿ ಕಲ್ಪನೆಯ ಗಾಯ ಇರಕೂಡದು. ನಿಜವಾದ ಮನುಷ್ಯರದ್ದೇ ಆಗಬೇಕು, ಅವರ ಒಪ್ಪಿಗೆ ಇರಬೇಕು."

ಆ ಕೆಲಸ ಅವಳಿಗೆ ಬೇಕೇ ಬೇಕಿತ್ತು. ಅಕ್ಕನ ಮನೆಯ ಸೋಫಾದ ಮೇಲೆ ಮಲಗಿ ಮಲಗಿ ಸೊಂಟವೂ ಹೋಗಿತ್ತು, ಮಾನವೂ ಹೋಗಿತ್ತು. ಭಾವ ಕೆಟ್ಟವರೇನಲ್ಲ. ಬೆಳಿಗ್ಗೆ ಎದ್ದು ಅವಳ ದಿಂಬನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು ಟೀವಿ ಹಾಕುತ್ತಿದ್ದರು, ಅಷ್ಟೇ. "ನಮ್ಮ ನಾದಿನಿಗೆ ಅರ್ಜಿ ಹಾಕೋದೇ ಪರ್ಮನೆಂಟ್ ಜಾಬು" ಎಂದು ಬಂದವರ ಮುಂದೆಲ್ಲ ನಗುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ, ಆದರೆ ಗಂಡನಿಗೆ ಸಾಕು ಎಂದೂ ಹೇಳುತ್ತಿರಲಿಲ್ಲ.

ಆಫೀಸಿನಲ್ಲಿ ಇಬ್ಬರಿಗೂ ಒಂದೇ ಮೇಜು, ಎದುರುಬದುರು ಎರಡು ಕಂಪ್ಯೂಟರ್. ಪರದೆಯ ಮೇಲಿಂದ ಅವನ ಹುಬ್ಬು ಮಾತ್ರ ಕಾಣುತ್ತಿತ್ತು. ಅದು ಮೇಲೇರಿತೆಂದರೆ ಅವನು ತನ್ನನ್ನೇ ನೋಡುತ್ತಿದ್ದಾನೆ ಎಂದು ಅವಳಿಗೆ ಎರಡೇ ದಿನಕ್ಕೆ ಗೊತ್ತಾಗಿಹೋಯಿತು.

"ಏನು, ಕಾಪಿ ಹೊಡೀತಿದೀಯಾ?"

"ನಿನ್ನ ಪೋಸ್ಟರ್ ಕಾಪಿ ಹೊಡೆಯೋ ಗತಿ ನಂಗೆ ಬಂದಿಲ್ಲ."

"ಮತ್ತೇನು ನೋಡ್ತಿದ್ದೆ?"

"ಈ ಮೇಜು ತುಂಬಾ ಅಗಲ ಆಯ್ತು ಅನ್ಸತ್ತೆ." ಹಾಗೆಂದವನೇ ಕುರ್ಚಿಯನ್ನು ದರದರ ಎಳೆದುಕೊಂಡು ಅವಳ ಪಕ್ಕಕ್ಕೆ ಬಂದು ಕೂತ. ಅವಳು ಬೇಡ ಎನ್ನಲಿಲ್ಲ. ಆ ಮಧ್ಯಾಹ್ನ ಇಬ್ಬರ ಕೆಲಸವೂ ಕೆಟ್ಟಿತು.

ಗುರುವಾರ ಪ್ರಿಂಟರಿನ ಇಂಕು ಚೆಲ್ಲಿ ಅವನ ಎಡತೋಳೆಲ್ಲ ನೀಲಿಯಾಯಿತು. ಅವಳೇ ಅವನನ್ನು ಸಿಂಕಿನ ಹತ್ತಿರ ಎಳೆದುಕೊಂಡು ಹೋಗಿ, ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಗುಂಡಿ ಬಿಚ್ಚಿ ತೋಳು ಮಡಚಿಬಿಟ್ಟಳು. ಮಣಿಕಟ್ಟಿನಿಂದ ಮೊಣಕೈಯಾಚೆಗೂ ಚರ್ಮ ಒಣಗಿದ ಮಣ್ಣಿನಂತೆ ಗಂಟುಗಟ್ಟಿತ್ತು. ಅಲ್ಲಲ್ಲಿ ನುಣ್ಣಗೆ ಹೊಳೆಯುತ್ತಿತ್ತು.

"ಚಿಕ್ಕವನಿದ್ದಾಗ ಆಗಿದ್ದು. ಅಡುಗೆಮನೆ ಸಿಲಿಂಡರು," ಎಂದ. "ಇಲ್ಲಿಯವರಿಗೆ ಹೇಳಬೇಡ."

"ಹೇಳಿದ್ರೆ ನಿಂಗೇ ಕೆಲಸ ಕೊಡ್ತಾರಲ್ಲೋ."

"ಅದಕ್ಕೇ ಹೇಳಬೇಡ ಅಂದಿದ್ದು. ಹೋದಲ್ಲೆಲ್ಲ ನಾನು ಕೈ ಸುಟ್ಟ ಹುಡುಗ. ಒಂದು ಕಡೆಯಾದ್ರೂ ನಾನು ಬರೆದ ಗೆರೆ ನೋಡಿ ಕರೀಲಿ, ಸಾಕು."

ಅವಳು ನಲ್ಲಿ ನಿಲ್ಲಿಸಿದಳು.

"ಮುಟ್ಲಾ?"

"ಮುಟ್ಟು. ಅಲ್ಲಿ ಏನೂ ಗೊತ್ತಾಗಲ್ಲ."

ಅವಳು ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. "ಗೊತ್ತಾಗ್ತಿದೆ," ಎಂದ ಅವನು ಆಮೇಲೆ, ತನಗೇ ಆಶ್ಚರ್ಯವಾದವನ ಹಾಗೆ. ಅವಳು ಅವನನ್ನು ಪ್ರೀತಿಸುತ್ತಿದ್ದಳು. ಅದರಲ್ಲಿ ಅವಳಿಗೆ ಇನ್ನು ಅನುಮಾನವೇನೂ ಉಳಿದಿರಲಿಲ್ಲ.

ಶುಕ್ರವಾರದ ಹೊತ್ತಿಗೆ ಅವನ ಪೋಸ್ಟರ್ ಮುಗಿದಿತ್ತು. ಸುಟ್ಟ ಬೆರಳುಗಳಲ್ಲೇ ಮತ್ತೆ ಹೊಲಿಗೆ ಕಲಿತ ಹೆಂಗಸೊಬ್ಬಳನ್ನು ಹುಡುಕಿ, ಕೇಳಿ, ಒಪ್ಪಿಸಿ ಬರೆದಿದ್ದ. ಚೆನ್ನಾಗಿತ್ತು. ಅವಳದ್ದರಲ್ಲಿ ಒಬ್ಬಳು ಹುಡುಗಿ, ಹಿಂದೆ ಒಬ್ಬ ಸೂರ್ಯ. ಸೋಪಿನ ಜಾಹೀರಾತಿನ ಹಾಗಿತ್ತು. ಸಂಜೆ ಮನೆಗೆ ಬಂದರೆ ಭಾವ ಅಕ್ಕನಿಗೆ ಹೇಳುತ್ತಿದ್ದರು: "ಮುಂದಿನ ವಾರ ಅಮ್ಮ ಬರ್ತಾರೆ. ಸೋಫಾ ಬೇಕಾಗತ್ತೆ." ಅಕ್ಕ ತಲೆಯಾಡಿಸಿದಳು.

ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಪೆನ್ಸಿಲ್ ಹಿಡಿದಳು. ಅವನ ತೋಳು ಹಾಳೆಯ ಮೇಲೆ ತಾನಾಗಿಯೇ ಬಂತು. ಒಂದು ಗೆರೆಯನ್ನೂ ಅಳಿಸಬೇಕಾಗಲಿಲ್ಲ. ಬಣ್ಣವನ್ನೂ ತುಂಬಿದಳು. ಮುಖ ಇಲ್ಲ, ಹೆಸರಿಲ್ಲ, ಬರೀ ಕೈ ತಾನೆ, ಯಾರಿಗೆ ಗೊತ್ತಾಗತ್ತೆ ಎಂದು ತನಗೆ ತಾನೇ ಟೋಪಿ ಹಾಕಿಕೊಂಡಳು. ಅದುವರೆಗೆ ಅವಳು ಬರೆದದ್ದರಲ್ಲೆಲ್ಲ ಅದೇ ಒಳ್ಳೆಯ ಚಿತ್ರ.

ಶನಿವಾರ ಅವನದ್ದನ್ನು ನೋಡಿ ಆಯ್ಕೆ ಸಮಿತಿಯವರೆಲ್ಲ ತಲೆದೂಗಿದರು. ಅವಳದ್ದನ್ನು ಬಿಚ್ಚಿದಾಗ ಎಲ್ಲರೂ ಕುರ್ಚಿ ಮುಂದಕ್ಕೆಳೆದುಕೊಂಡರು. ನಿರ್ದೇಶಕಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಯಾರ ಕೈಯಮ್ಮ ಇದು?"

ಕಲ್ಪನೆ ಎಂದರೆ ಪೋಸ್ಟರ್ ಅಲ್ಲಿಗೇ ಮುಗಿಯಿತು, ಕೆಲಸ ಅವನಿಗೆ. ನಿಜ ಎಂದರೆ ಅವನು ಮುಗಿದ. ಎರಡೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನು ತಲೆ ಎತ್ತದೆ ಅಂಗಿಯ ಗುಂಡಿಯನ್ನು ತಿರುವುತ್ತಿದ್ದ. ಅವಳ ಕಣ್ಣಿಗೆ ದಿಂಬು ಎತ್ತುವ ಆ ಎರಡು ಬೆರಳು ಬಂದವು.

"ಇವರದು," ಎಂದಳು.

"ಅಯ್ಯೋ, ಇಷ್ಟು ದಿನ ಯಾಕಪ್ಪ ಹೇಳ್ಲಿಲ್ಲ? ಸ್ವಲ್ಪ ತೋರಿಸ್ತೀರಾ?" ನಿರ್ದೇಶಕಿಯ ದನಿ ಬೆಣ್ಣೆಯಷ್ಟು ಮೃದುವಾಗಿತ್ತು. ಅವನು ಅಂಗಿಯ ತೋಳು ಮಡಚಿದ. ಸಮಿತಿಯವರು ಮೇಜು ಸುತ್ತಿಕೊಂಡು ಬಂದು, ಅಂಗಡಿಯ ಬಾಗಿಲಲ್ಲಿ ಬಟ್ಟೆಯ ಬಣ್ಣ ಹೋಲಿಸುವವರ ಹಾಗೆ ಒಮ್ಮೆ ಚಿತ್ರ, ಒಮ್ಮೆ ಕೈ ನೋಡಿದರು.

"ನೀವು ನಮ್ಮ ಸಭೆಗಳಿಗೆ ಬಂದು ಮಾತಾಡಬೇಕು. ದಾನಿಗಳು ನಿಮ್ಮನ್ನ ನೋಡಬೇಕು."

"ನಾನು ಡಿಸೈನರ್ ಕೆಲಸಕ್ಕೆ ಬಂದಿದ್ದೆ, ಮೇಡಂ."

"ಅದು ಇವರಿಗೆ ಆಯ್ತಲ್ಲಪ್ಪ. ಒಪ್ಪಿಗೆ ಇದೆ ತಾನೆ?"

ಅವನು ಆಗ ಅವಳನ್ನು ನೋಡಿದ. ಇಲ್ಲ ಎಂದಿದ್ದರೆ ಸಾಕಿತ್ತು, ಅವಳ ಕೆಲಸವೂ ಹೋಗುತ್ತಿತ್ತು.

"ಇದೆ," ಎಂದ.

ಅವಳು ಮೆಟ್ಟಿಲಲ್ಲಿ ಓಡಿಹೋಗಿ ಅವನನ್ನು ಹಿಡಿದಳು. "ನಿಲ್ಲೋ. ನಿನ್ನ ಪ್ರೀತಿಸ್ತೀನಿ ಕಣೋ ನಾನು."

"ಗೊತ್ತು. ಚಿತ್ರ ನೋಡಿದ್ರೇ ಗೊತ್ತಾಗತ್ತೆ. ಅಷ್ಟು ಚೆನ್ನಾಗಿ ಯಾರೂ ನನ್ನ ನೋಡಿರ್ಲಿಲ್ಲ."

"ಮತ್ತೆ ಹೋಗ್ತಿದೀಯಲ್ಲ."

"ಮೊನ್ನೆಯಿಂದ, ಒಬ್ಬಳು ಹುಡುಗಿ ನನ್ನ ಕೈ ಮುಟ್ಟಿದ್ಲು ಅಂದ್ಕೊಂಡು ಓಡಾಡ್ತಿದ್ದೆ." ಅಂಗಿಯ ತೋಳನ್ನು ನಿಧಾನವಾಗಿ ಕೆಳಗಿಳಿಸಿಕೊಂಡ. "ಅಳತೆ ತಗೊಂಡಿದ್ದಾ ಅದು?"

"ಅಲ್ಲ," ಎಂದಳು. ನಿಜವನ್ನೇ ಹೇಳಿದ್ದಳು, ಆದರೆ ಅದು ಅವಳ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಅವನು ಗುಂಡಿ ಹಾಕಿಕೊಂಡು ಇಳಿದು ಹೋದ. ಆಮೇಲೆ ಎಷ್ಟು ಫೋನ್ ಮಾಡಿದರೂ ಎತ್ತಲಿಲ್ಲ.

ಸೋಮವಾರ ಅವಳು ಕೆಲಸಕ್ಕೆ ಸೇರಿದಳು. ಭಾವ ಮೊದಲ ಬಾರಿಗೆ ಬಾಗಿಲವರೆಗೆ ಬಂದು ಕಳಿಸಿಕೊಟ್ಟಿದ್ದರು. ನಿರ್ದೇಶಕಿ ಅವಳ ಕುರ್ಚಿಯ ಹಿಂದೆ ನಿಂತು, ಸ್ಕ್ಯಾನ್ ಮಾಡಿ ಪರದೆಗೆ ತಂದಿದ್ದ ಆ ಚಿತ್ರವನ್ನು ನೋಡಿದರು.

"ಇದನ್ನ ಬಸ್ ಸ್ಟಾಪಿಗೆಲ್ಲ ಹಾಕಿಸ್ತೀವಿ. ಆದ್ರೆ ತುಂಬಾ ಮುದ್ದಾಗಿ ಬರೆದಿದೀಯಮ್ಮ. ನೋಡಿದವರ ಕರುಳು ಚುರುಕ್ ಅನ್ನಬೇಕು. ಸ್ವಲ್ಪ ಕೆಂಪು ಜಾಸ್ತಿ ಮಾಡು."

"ಅವರದು ಇಷ್ಟೂ ಕೆಂಪಿಲ್ಲ, ಮೇಡಂ. ನಿಜದ್ದೇ ಇರಬೇಕು ಅಂತ ನೀವೇ..."

"ಕೈ ನಿಜದ್ದೇ ಅಲ್ವಾ? ಬಣ್ಣ ತಾನೆ." ಅವಳ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟರು.

ಅವಳು ಮೌಸ್ ಹಿಡಿದಳು. ತನ್ನ ಅಂಗೈ ಇಟ್ಟಿದ್ದ ಜಾಗ ಅವಳಿಗೆ ಸರಿಯಾಗಿ ಗೊತ್ತಿತ್ತು. ಅಲ್ಲಿಂದಲೇ ಶುರುಮಾಡಿ ಕೆಂಪು ಏರಿಸಿದಳು.

"ಇನ್ನೂ ಸ್ವಲ್ಪ," ಎಂದರು ನಿರ್ದೇಶಕಿ.

ಇನ್ನೂ ಸ್ವಲ್ಪ ಏರಿಸಿದಳು.