ಬೀಡಿನ ಬಾಣಲೆಯ ಬರಿಮೈ

"ಅದಕ್ಕೆ ಸೋಪು ಮುಟ್ಟಿಸ್ಬೇಡ ಕಣಮ್ಮ. ಬಿಸಿನೀರಲ್ಲಿ ತೊಳಿ, ಒಲೆ ಮೇಲಿಟ್ಟು ಒಣಗಿಸು, ಎಣ್ಣೆ ಸವರು. ಅದರ ಬರಿಮೈ ಮಾತ್ರ ನೋಡ್ಬೇಡ."

ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಕೆಲಸದ ಹೊಸ ಸೊಸೆಗೆ ನಗು ತಡೆಯಲಾಗಲಿಲ್ಲ. "ಯಾಕತ್ತೆ, ಬಾಣಲೆಗೂ ನಾಚಿಕೆನಾ?"

ಅತ್ತೆ ನಗದೆ ಹಳೆಯ ಕತೆ ಹೇಳಿದರು. ಮನೆ ಪಾಲಾದಾಗ ಆ ಬೀಡುಕಬ್ಬಿಣದ ಬಾಣಲೆ ತನಗೆ ಸಿಗಲಿಲ್ಲವೆಂದು ಅವರ ವಾರಗಿತ್ತಿ ಅದಕ್ಕೆ ಮಾಟ ಮಾಡಿಸಿದ್ದಳು: ಇದರ ಬರಿಮೈ ಕಂಡವಳ ಮೈ ತುಕ್ಕು ಹಿಡಿಯಲಿ. ಅಂದಿನಿಂದ ಮೂವತ್ತು ವರ್ಷ ಅತ್ತೆ ಅದನ್ನು ಸುಟ್ಟ ಎಣ್ಣೆಯ ಕರಿಪದರದಲ್ಲಿ ಮುಚ್ಚಿಟ್ಟಿದ್ದರು.

"ಎಸೆದುಬಿಡೋದಲ್ವಾ?" ಎಂದಳು ಸೊಸೆ.

"ಎಸೆದ್ರೆ ಇನ್ಯಾವಳೋ ಪಾಪದವಳು ಎತ್ಕೊಂಡು ಹೋಗಿ ಉಜ್ಜಲ್ವಾ?"

ಆ ಭಾನುವಾರ ಮಧ್ಯಾಹ್ನ ಅತ್ತೆ ದರ್ಜಿಯ ಅಂಗಡಿಗೆ ಹೋದರು. ಸೊಸೆ ತಾನು ತಂದ ನಾನ್‌ಸ್ಟಿಕ್ ತವಾವನ್ನು ದೋಸೆಗೆಂದು ಉರಿಯ ಮೇಲಿಟ್ಟು, ಬಾಣಲೆಯನ್ನು ಸಿಂಕಿಗೆಳೆದಳು. ಸೋಪು ಸುರಿದು ಸ್ಟೀಲಿನ ನಾರಿನಿಂದ ಗಸಗಸ ಉಜ್ಜತೊಡಗಿದಳು. ಕರಿನೀರು ಇಳಿಯಿತು. ಹಳೆಯ ಎಣ್ಣೆಯ ಕಮಟು ಮೂಗಿಗಡರಿತು. ಮಾಟ ಸುಳ್ಳೆಂದು ತೋರಿಸಿಯೇ ಬಿಡುವ ಹಟ ಹತ್ತಿದವಳಂತೆ ಉಜ್ಜಿದಳು. ಬೆನ್ನ ಹಿಂದೆ ಖಾಲಿ ತವಾ ಕಾದು ಹೊಗೆಯಾಡುತ್ತಿದ್ದುದು ತಿಳಿಯಲೇ ಇಲ್ಲ.

ಅಡುಗೆಮನೆಯ ಮೂಲೆಯಲ್ಲಿದ್ದ ಪಂಜರದಲ್ಲಿ ರೆಕ್ಕೆ ಬಡಿದ ಸದ್ದು. ತಿರುಗಿ ನೋಡಿದರೆ ಅತ್ತೆಯ ಗಿಳಿ ಕಾಲು ಸೆಟೆದು ಬಿದ್ದಿತ್ತು.

ಒಲೆ ಆರಿಸಿ ಕಿಟಕಿ ತೆರೆದಳು. ಖಾಲಿ ತವಾ ಮಿತಿಮೀರಿ ಕಾದರೆ ಅದರ ಲೇಪದ ಹೊಗೆ ಹಕ್ಕಿಗಳನ್ನು ಕೊಲ್ಲುತ್ತದೆ ಎಂದು ಎಲ್ಲೋ ಓದಿದ್ದಳು. ಮಾಟವೂ ಅಲ್ಲ, ಮಣ್ಣೂ ಅಲ್ಲ, ತನ್ನದೇ ತಪ್ಪು. ಹಾಗೆಂದುಕೊಂಡು ಸಿಂಕಿನತ್ತ ಬಗ್ಗಿದಳು.

ಬಾಣಲೆ ಬೂದಿಬಣ್ಣಕ್ಕೆ ತಿರುಗಿತ್ತು. ಬೆತ್ತಲೆ. ನೋಡನೋಡುತ್ತಿದ್ದಂತೆ ಅದರ ಮೇಲೆ ಕೆಂಚು ಚುಕ್ಕೆಗಳೆದ್ದವು. ಅವಳ ಉಗುರುಗಳಲ್ಲೂ ಎದ್ದವು.

ತೊಳೆದಳು. ಹೋಗಲಿಲ್ಲ. ತಿಕ್ಕಿದಳು. ಹಬ್ಬಿತು. ಬೆರಳು ಮಡಿಯಲಿಲ್ಲ. ತುಕ್ಕು ಮಣಿಕಟ್ಟು ದಾಟಿತು. ಬಾಯಲ್ಲಿ ಕಬ್ಬಿಣದ ರುಚಿ. ಕೂಗಲು ದವಡೆ ಬಿಡಲಿಲ್ಲ.

ಬಾಗಿಲು ತೆರೆಯಿತು.

"ನೋಡ್ಬಿಟ್ಯಾ?" ಅತ್ತೆ ಚೀಲ ಬಿಸುಟು ಓಡಿ ಬಂದರು. "ಕಣ್ಮುಚ್ಕೊ. ಗಟ್ಟಿಯಾಗಿ. ಅದರ ಬರಿಮೈ ಮುಚ್ಚೋವರೆಗೂ ಕಣ್ಣು ಮುಚ್ಚಿದ್ದವಳಿಗೆ ಮಾತ್ರ ತುಕ್ಕು ಬಿಡುತ್ತೆ."

ಒಲೆ ಹೊತ್ತಿದ ಸದ್ದು. ಎಣ್ಣೆ ಸುಡುವ ಘಾಟು. ಅತ್ತೆ ಸವರಿದರು, ಕಾಯಿಸಿದರು, ಮತ್ತೆ ಸವರಿದರು.

"ನೀವೂ ಮುಚ್ಕೊಳ್ಳಿ ಅತ್ತೆ..." ಸೊಸೆ ಹಲ್ಲಿನ ಸಂದಿಯಿಂದ ತೊದಲಿದಳು.

"ಮುಚ್ಕೊಂಡ್ರೆ ಎಲ್ಲಿ ಎಣ್ಣೆ ಹತ್ತಿಲ್ಲ ಅಂತ ಹೇಗೆ ಗೊತ್ತಾಗುತ್ತೆ?"

ನಾಲ್ಕನೆಯ ಪದರಕ್ಕೆ ಸೊಸೆಯ ಕೈಯಿಂದ ತುಕ್ಕು ಪುಡಿಪುಡಿಯಾಗಿ ಉದುರಿತು. ಬೆರಳುಗಳು ಆಡಿದವು. ಅಡುಗೆಮನೆಯಲ್ಲಿ ಸದ್ದೇ ಇಲ್ಲ. ಕಾದಳು. ಕೊನೆಗೆ ಕಣ್ತೆರೆದಳು.

ಬಾಣಲೆ ಕರ್ರಗೆ ಹೊಳೆಯುತ್ತಿತ್ತು. ಅದರ ಮುಂದೆ ಅತ್ತೆ, ಎಣ್ಣೆಬಟ್ಟೆ ಹಿಡಿದ ಕೈ ಚಾಚಿದಂತೆಯೇ ನಿಂತಿದ್ದರು. ಮುಖ, ಕತ್ತು, ಕೈ, ಎಲ್ಲ ಕೆಂಚು. ಸೊಸೆ ಭುಜ ಮುಟ್ಟಿದಳು. ತಣ್ಣಗಿತ್ತು, ಒರಟಾಗಿತ್ತು.

ಅತ್ತೆಯ ರೆಪ್ಪೆಗಳು ಮೆಲ್ಲಗೆ ಮುಚ್ಚಿ ತೆರೆದವು. ಕಿರ್ರೆಂದು ಸದ್ದಾಯಿತು.